ಸಮುದ್ರೋಪಾಸಕಿ ರೇಚೆಲ್ ಕಾರ್ಸನ್

ಕಡಲನ್ನೂ ಕಡಲಿನ ಜೀವರಾಶಿಯನ್ನೂ ಕುರಿತು ಇಪ್ಪತ್ತನೆಯ ಶತಮಾನದಲ್ಲಿ ಹೊರಬಂದ ಗ್ರಂಥಗಳಲ್ಲಿ ಅಗ್ರಮಾನ್ಯವೆನಿಸಿದ ಮೂರು ಕೃತಿಗಳನ್ನು ರಚಿಸಿದ ರೇಚೆಲ್ ಕಾರ್ಸನ್, ತಮ್ಮ ಇಪ್ಪತ್ತೆರಡನೆಯ ವಯಸ್ಸಿನವರೆಗೆ ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯ ರಾಜ್ಯದ ಒಳನಾಡಿನಲ್ಲಿ, ಪಿಟ್ಸ್‌ಬರ್ಗ್ ನಗರಕ್ಕೆ ಸಮೀಪದ ಸ್ಪ್ರಿಂಗ್‌ಡೇಲ್ ಎಂಬ ಊರಿನಲ್ಲಿ, ಅಲಿಗೇನಿ ನದಿಯ ಮಗ್ಗುಲಲ್ಲಿ 1907ನೆಯ ಇಸವಿ ಮೇ 27ರಂದು ಆಕೆಯ ಜನನವಾಯಿತು. ಅಲ್ಲಿಂದ ಕಡಲು ನೂರಾರು ಮೈಲಿ ದೂರ. ನಮ್ಮ ಬಯಲುಸೀಮೆಯ ಎಷ್ಟೋ ಮಕ್ಕಳಿಗಿರುವಂತೆ ಆ ಬಾಲಕಿಗೂ ಸಮುದ್ರವೆಂದರೆ ಪುಸ್ತಕದಲ್ಲಿ ಓದಿ ಮನಸ್ಸಿನಲ್ಲಿ ಚಿತ್ರಿಸಿಕೊಂಡ ಒಂದು ಕನಸು ಮಾತ್ರವಾಗಿತ್ತು.

ತಂದೆ ರಾಬರ್ಟ್ ಕಾರ್ಸನ್ ಅವರಿಗೆ ಸುಮಾರು 65 ಎಕರೆಗಳ ಜಮೀನಿತ್ತಾದರೂ ಕೈಯಲ್ಲಿ ಹಣ ನಿಲ್ಲುತ್ತಿರಲಿಲ್ಲ. ಮನೆಯನ್ನು ನಡೆಸಿದವರು ತಾಯಿ ಮರಿಯಾ. ಮದುವೆಗೆ ಮುಂಚೆ ಶಿಕ್ಷಕಿಯಾಗಿದ್ದ ಆ ತಾಯಿ ತನ್ನ ಮೂವರು ಮಕ್ಕಳಲ್ಲಿ ಕಿರಿಯವಳಾದ ರೇಚೆಲ್‌ಳ ಕೈಹಿಡಿದು ತೋಟ, ಕಾಡು, ಹೊಳೆದಂಡೆಗಳಲ್ಲಿ ಸುತ್ತಾಡಿಸುವಳು. ಹಕ್ಕಿಗಳ ಹೆಸರು, ಹುಳುಗಳ ನಡೆ, ಗಿಡಗಳ ಹೂ ಬಿಡುವ ಕಾಲ ಇವೆಲ್ಲ ಮಗಳಿಗೆ ಆಟದಲ್ಲಿಯೇ ಪಾಠವಾದವು. ಅದೇ ಊರಿನಲ್ಲಿ ಅಂಟು ತಯಾರಿಸುವ ಕಾರ್ಖಾನೆಯ ದುರ್ವಾಸನೆಯೂ ಇತ್ತು, ಮುಂದೆ ವಿದ್ಯುತ್ ಸ್ಥಾವರಗಳ ಹೊಗೆಯೂ ಬಂದಿತು. ಚೆಲುವಾದ ಹೊಳೆದಂಡೆಯೊಂದು ಹೇಗೆ ಮಲಿನವಾಗುವುದೆಂಬುದನ್ನು ಆಕೆ ಬಾಲ್ಯದಲ್ಲಿಯೇ ಕಂಡಿದ್ದಳು. ಹನ್ನೊಂದನೆಯ ವಯಸ್ಸಿನಲ್ಲಿ, 1918ರಲ್ಲಿ, ಮಕ್ಕಳ ಪ್ರಸಿದ್ಧ ಮಾಸಪತ್ರಿಕೆಯಾದ ಸೇಂಟ್ ನಿಕೊಲಸ್‌ನಲ್ಲಿ ಅವಳ ಮೊದಲ ಕತೆ ಅಚ್ಚಾಯಿತು. ತಾನು ಲೇಖಕಿಯಾಗಬೇಕೆಂಬುದು ಅಂದಿನಿಂದಲೇ ಅವಳ ಮನಸ್ಸಿನಲ್ಲಿ ನಿಶ್ಚಯವಾಗಿತ್ತು.

1925ರಲ್ಲಿ ಪಿಟ್ಸ್‌ಬರ್ಗಿನ ಮಹಿಳಾ ಕಾಲೇಜನ್ನು ಸೇರಿದಾಗ ಆಕೆ ಆರಿಸಿಕೊಂಡ ವಿಷಯ ಇಂಗ್ಲಿಷ್ ಸಾಹಿತ್ಯ. ಶುಲ್ಕ ತೆರುವುದಕ್ಕಾಗಿ ತಾಯಿ ಪಿಯಾನೊ ಪಾಠ ಹೇಳಿದಳು, ಮನೆಯ ಪಿಂಗಾಣಿ ಪಾತ್ರೆಗಳನ್ನು ಮಾರಿದಳು. ಅಷ್ಟಾದರೂ ಸಾಲದೆ ಹೋದಾಗ ಕಾಲೇಜಿನ ಮುಖ್ಯಸ್ಥೆಯೇ ಹಿತೈಷಿಗಳಿಂದ ನೆರವನ್ನು ಕೂಡಿಸಿಕೊಟ್ಟರು. ಉಳಿದ ಬಾಕಿಗೆ ಸ್ಪ್ರಿಂಗ್‌ಡೇಲಿನ ನಿವೇಶನಗಳನ್ನು ಆಧಾರವಾಗಿ ಬರೆದುಕೊಡಬೇಕಾಯಿತು. ಬಡ ವಿದ್ಯಾರ್ಥಿನಿಯೊಬ್ಬಳ ಬೆನ್ನ ಹಿಂದೆ ಹೀಗೆ ಹೆಸರು ಹೇಳಿಕೊಳ್ಳದೆ ನಿಂತ ಆ ದಾನಿಗಳಿಗೆ, ತಾವು ಎಂಥ ಬೀಜಕ್ಕೆ ನೀರೆರೆಯುತ್ತಿರುವೆವೆಂಬುದು ತಿಳಿದಿರಲಾರದು.

ಆ ಕಾಲೇಜಿನಲ್ಲಿ ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಜೀವಶಾಸ್ತ್ರದ ಅಧ್ಯಾಪಕಿಯಿದ್ದರು. ಅವರ ತರಗತಿಯಲ್ಲಿ ಕಡ್ಡಾಯ ಪಾಠಕ್ಕೆಂದು ಕುಳಿತ ರೇಚೆಲ್‌ಗೆ ಹೊಸ ಲೋಕವೊಂದು ತೆರೆದಂತಾಯಿತು. ಸಾಹಿತ್ಯವನ್ನು ಬಿಟ್ಟು ಜೀವಶಾಸ್ತ್ರವನ್ನು ಹಿಡಿಯಲು ಆಕೆ ತೀರ್ಮಾನಿಸಿದಾಗ ಹಲವರು ಅಸಮಾಧಾನಪಟ್ಟರು. ವಿಜ್ಞಾನದಲ್ಲಿ ಹೆಣ್ಣಿಗೆ ಉದ್ಯೋಗವೆಲ್ಲಿ ಎಂಬುದು ಅಂದಿನ ಸಾಮಾನ್ಯ ಆಕ್ಷೇಪಣೆ. ಇದೇ ಕಾಲದಲ್ಲಿ, ಬಿರುಮಳೆಯ ಒಂದು ರಾತ್ರಿ ವಿದ್ಯಾರ್ಥಿನಿಲಯದಲ್ಲಿ ಟೆನಿಸನ್ ಮಹಾಕವಿಯ ಕವನವೊಂದನ್ನು ಓದುತ್ತಿದ್ದಾಗ, ಅದರಲ್ಲಿ ಬರುವ ಕಡಲಿನ ಪ್ರಸ್ತಾಪವು ತನ್ನ ಬಾಳಿನ ದಾರಿಯನ್ನೇ ಸೂಚಿಸಿತೆಂದು ಆಕೆಗೆ ತೋರಿತಂತೆ. ಆಗಿನ್ನೂ ಆಕೆ ಕಡಲನ್ನು ಕಂಡಿರಲಿಲ್ಲ! ಗುರುವಿನ ಋಣವನ್ನು ಕಾರ್ಸನ್ ಎಂದೂ ಮರೆಯಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ, 1948ರಲ್ಲಿ, ಸ್ಕಿಂಕರ್ ಅರ್ಬುದ ರೋಗದಿಂದ ಸಾವಿನ ಹಾಸಿಗೆಯಲ್ಲಿದ್ದಾಗ ಬಳಿಗೆ ಧಾವಿಸಿದವರು ಇದೇ ಶಿಷ್ಯೆ.

1929ರಲ್ಲಿ ಪದವಿ ಪಡೆದ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್ ತೀರದ ವುಡ್ಸ್ ಹೋಲ್ ಎಂಬಲ್ಲಿನ ಸಾಗರ ಜೀವಶಾಸ್ತ್ರ ಪ್ರಯೋಗಶಾಲೆಯಲ್ಲಿ ಕೆಲವು ವಾರ ಕೆಲಸ ಮಾಡುವ ಅವಕಾಶ ದೊರೆಯಿತು. ಮೊತ್ತಮೊದಲು ಸಮುದ್ರದರ್ಶನವಾದುದು ಅಲ್ಲಿ. ಕಟ್ಟೆಯ ಕೆಳಗೆ ಸುಳಿಯುವ ಪ್ರವಾಹಗಳು, ಬಲೆಯಲ್ಲಿ ಮೇಲೆ ಬರುವ ವಿಚಿತ್ರ ಜೀವಿಗಳು, ದೋಣಿಗಳು ತಂದು ಸುರಿಯುವ ಕಲ್ಲು, ಚಿಪ್ಪು, ಪಾಚಿ, ಇವೆಲ್ಲವನ್ನೂ ಆಕೆ ದಣಿವಿಲ್ಲದೆ ನೋಡಿದರು. ಅಲ್ಲಿನ ಗ್ರಂಥಾಲಯದಲ್ಲಿ ಸಮುದ್ರವನ್ನು ಕುರಿತ ಸಂಶೋಧನಾ ಬರಹಗಳ ರಾಶಿಯನ್ನು ಕಂಡರು. ಅವು ತಜ್ಞರಿಗೆ ಮಾತ್ರ ತಿಳಿಯುವ ಭಾಷೆಯಲ್ಲಿದ್ದವು. ಅಲ್ಲಿಂದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯಕ್ಕೆ ಹೋಗಿ 1932ರಲ್ಲಿ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದರು. ಡಾಕ್ಟರೇಟ್ ಪದವಿಯ ಆಸೆಯಿತ್ತು. ಆದರೆ ಆರ್ಥಿಕ ಮುಗ್ಗಟ್ಟಿನ ಕಾಲ, 1935ರಲ್ಲಿ ತಂದೆಯ ಮರಣ, 1937ರಲ್ಲಿ ಅಕ್ಕನ ಮರಣ. ವೃದ್ಧೆಯಾದ ತಾಯಿ ಮತ್ತು ಅಕ್ಕನ ಇಬ್ಬರು ಚಿಕ್ಕ ಹೆಣ್ಣುಮಕ್ಕಳು, ಇವರೆಲ್ಲರ ಭಾರ ಮೂವತ್ತು ತುಂಬುವ ಮುನ್ನವೇ ಆಕೆಯ ಹೆಗಲಿಗೆ ಬಿದ್ದಿತು.

ಹೊಟ್ಟೆಪಾಡಿಗಾಗಿ ಹಿಡಿದ ಕೆಲಸವೇ ಆಕೆಯ ಎರಡು ಪ್ರತಿಭೆಗಳನ್ನೂ ಒಂದುಗೂಡಿಸಿದುದು ವಿಶೇಷ. ಕೇಂದ್ರ ಸರ್ಕಾರದ ಮೀನುಗಾರಿಕಾ ಇಲಾಖೆಯು ಜಲಜೀವಿಗಳನ್ನು ಕುರಿತು ಏಳೇಳು ನಿಮಿಷಗಳ 52 ಬಾನುಲಿ ಭಾಷಣಗಳನ್ನು ಏರ್ಪಡಿಸಿತ್ತು. ವಿಜ್ಞಾನಿಗಳಿಗೆ ಬರೆಯಲು ಬಾರದು, ಬರಹಗಾರರಿಗೆ ವಿಜ್ಞಾನ ತಿಳಿಯದು ಎಂಬ ಇಕ್ಕಟ್ಟಿನಲ್ಲಿ ವಿಭಾಗದ ಅಧಿಕಾರಿ ಎಲ್ಮರ್ ಹಿಗ್ಗಿನ್ಸ್ ಆ ಕೆಲಸವನ್ನು ಕಾರ್ಸನ್ ಅವರಿಗೆ ಒಪ್ಪಿಸಿದರು. 1936ರಲ್ಲಿ ಸೇವಾ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದು ಆಕೆ ಇಲಾಖೆಯ ಕಾಯಂ ಜೀವವಿಜ್ಞಾನಿಯಾದರು. ಇಲಾಖೆಯ ಕಿರುಹೊತ್ತಿಗೆಗೆಂದು ಆಕೆ ಬರೆದುಕೊಟ್ಟ ಒಂದು ಪೀಠಿಕೆಯನ್ನು ಓದಿದ ಹಿಗ್ಗಿನ್ಸ್, ಇದು ಸರ್ಕಾರಿ ಪ್ರಕಟಣೆಗೆ ತಕ್ಕುದಲ್ಲವೆಂದು ಹಿಂದಿರುಗಿಸಿ, ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಗೆ ಕಳುಹಿಸುವಂತೆ ಸೂಚಿಸಿದರು. ಕೈಕೆಳಗಿನವರ ಬರಹವನ್ನು ತಿರಸ್ಕರಿಸಿ ಅವರ ಬಾಳನ್ನು ಬೆಳಗಿದ ಅಧಿಕಾರಿಗಳು ಲೋಕದಲ್ಲಿ ವಿರಳ. 1937ರ ಸೆಪ್ಟೆಂಬರಿನಲ್ಲಿ ಅಚ್ಚಾದ ಆ ಪ್ರಬಂಧದಿಂದಲೇ ಆಕೆಯ ಮೊದಲ ಗ್ರಂಥ ಹುಟ್ಟಿತು.

‘ಅಂಡರ್ ದಿ ಸೀ ವಿಂಡ್’ ಎಂಬ ಆ ಗ್ರಂಥವು ಒಂದು ಕಡಲಹಕ್ಕಿ, ಒಂದು ಬಂಗುಡೆ ಮೀನು, ಒಂದು ಹಾವುಮೀನು, ಇವುಗಳ ಬಾಳುವೆಯನ್ನು ಅವುಗಳ ಕಣ್ಣಿನಿಂದಲೇ ಹೇಳುತ್ತದೆ. ಮನುಷ್ಯನು ಅದರಲ್ಲಿ ಬರುವುದು ಬಲೆಯ ರೂಪದಲ್ಲಿ. 1941ರ ನವೆಂಬರಿನಲ್ಲಿ ಅದು ಹೊರಬಂದಿತು. ಮರುತಿಂಗಳು ಪರ್ಲ್ ಹಾರ್ಬರಿನ ಮೇಲೆ ಬಾಂಬ್ ಬಿದ್ದು ದೇಶ ಯುದ್ಧಕ್ಕಿಳಿಯಿತು. ಪುಸ್ತಕವನ್ನು ಕೇಳುವವರಿಲ್ಲದೆ ಎರಡು ಸಾವಿರ ಪ್ರತಿಗಳೂ ಮಾರಾಟವಾಗಲಿಲ್ಲ. ಕಾರ್ಸನ್ ಮತ್ತೆ ಕಚೇರಿಯ ಕಡತಗಳಿಗೆ ಮರಳಿದರು. ಯುದ್ಧಕಾಲದಲ್ಲಿ ಜನರು ತಿನ್ನದೆ ಬಿಟ್ಟ ಮೀನುಗಳ ಬಗೆಗೆ ಕಿರುಹೊತ್ತಿಗೆಗಳನ್ನು ಬರೆದರು. ಯುದ್ಧಾನಂತರ ವನ್ಯಪಕ್ಷಿಗಳ ಆಶ್ರಯತಾಣಗಳನ್ನು ಪರಿಚಯಿಸುವ ಮಾಲಿಕೆಯೊಂದನ್ನು ಸಂಪಾದಿಸಿದರು. ಕರಾವಳಿಯ ಉಪ್ಪುಜವುಗು ನಿರುಪಯುಕ್ತ ಭೂಮಿಯಲ್ಲ, ಅದು ಹಕ್ಕಿಗಳ ತಂಗುದಾಣ, ಮೀನಿನ ಮರಿಗಳ ತೊಟ್ಟಿಲು ಎಂಬ ಮಾತನ್ನು ಸರ್ಕಾರಿ ಮುದ್ರೆಯೊಡನೆ ಜನರ ಮುಂದಿಟ್ಟವರಲ್ಲಿ ಆಕೆಯೂ ಒಬ್ಬರು. 1949ರಲ್ಲಿ ಇಲಾಖೆಯ ಪ್ರಕಟಣೆಗಳ ಪ್ರಧಾನ ಸಂಪಾದಕಿಯಾದರು.

ಅದೇ ವರ್ಷ ಬೇಸಿಗೆಯಲ್ಲಿ ಇಲಾಖೆಯ ಸಂಶೋಧನಾ ನೌಕೆಯಾದ ಮೂರನೆಯ ಆಲ್ಬಟ್ರಾಸ್‌ನಲ್ಲಿ ಜಾರ್ಜಸ್ ಬ್ಯಾಂಕ್ ಎಂಬ ಮೀನುಗಾರಿಕಾ ಕ್ಷೇತ್ರಕ್ಕೆ ಹೋಗಿಬರಬೇಕೆಂದು ಆಕೆ ಕೇಳಿಕೊಂಡರು. ಸುಮಾರು ಐವತ್ತು ಗಂಡಸರ ನಡುವೆ ಒಬ್ಬ ಹೆಣ್ಣನ್ನು ಕಳುಹಿಸುವುದು ಸಾಧ್ಯವೇ ಇಲ್ಲವೆಂದು ಮೇಲಧಿಕಾರಿಗಳು ಚಿಂತಿಸಿ, ಇಬ್ಬರು ಹೆಂಗಸರಾದರೆ ಅಡ್ಡಿಯಿಲ್ಲವೆಂದು ನಿರ್ಣಯಿಸಿದರು! ತಮ್ಮ ಸಾಹಿತ್ಯ ಪ್ರತಿನಿಧಿಯಾದ ಗೆಳತಿಯನ್ನು ಜೊತೆಗೆ ಕರೆದುಕೊಂಡು ಕಾರ್ಸನ್ ಹತ್ತು ದಿನಗಳ ಯಾತ್ರೆಯನ್ನು ಮುಗಿಸಿಬಂದರು. ರಾತ್ರಿಯೆಲ್ಲ ಮೇಲೇರಿ ಬರುವ ಬಲೆಗಳು, ಮಂಜು ಮುಸುಕಿದ ಅಪಾರ ಜಲರಾಶಿ, ಇವು ಆಗ ಆಕೆ ಬರೆಯುತ್ತಿದ್ದ ಎರಡನೆಯ ಗ್ರಂಥಕ್ಕೆ ಜೀವ ತುಂಬಿದವು. ‘ದಿ ಸೀ ಅರೌಂಡ್ ಅಸ್’ 1951ರ ಜುಲೈಯಲ್ಲಿ ಪ್ರಕಟವಾಯಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬಹುಮಾರಾಟದ ಗ್ರಂಥಗಳ ಪಟ್ಟಿಯಲ್ಲಿ 86 ವಾರ ನಿಂತಿತು, ರಾಷ್ಟ್ರೀಯ ಗ್ರಂಥ ಪ್ರಶಸ್ತಿಯನ್ನು ಗಳಿಸಿತು. ಯುದ್ಧದಲ್ಲಿ ಮುಳುಗಿಹೋಗಿದ್ದ ಮೊದಲ ಪುಸ್ತಕವೂ ಮರುಮುದ್ರಣಗೊಂಡು ಮೆರೆಯಿತು. ಗ್ರಂಥವನ್ನು ಆಧರಿಸಿದ ಚಲನಚಿತ್ರಕ್ಕೆ ಆಸ್ಕರ್ ಬಂದರೂ ಅದರ ತಪ್ಪುಗಳಿಂದ ನೊಂದ ಕಾರ್ಸನ್ ಮತ್ತೆಂದೂ ಚಿತ್ರದ ಹಕ್ಕನ್ನು ಮಾರಲಿಲ್ಲ. 1952ರಲ್ಲಿ ಕೆಲಸಕ್ಕೆ ರಾಜೀನಾಮೆಯಿತ್ತು ಪೂರ್ಣಾವಧಿಯ ಬರವಣಿಗೆಗೆ ತೊಡಗಿದರು.

ಮೂರನೆಯ ಪುಸ್ತಕ ಹುಟ್ಟಿದ ಬಗೆ ಸ್ವಾರಸ್ಯಕರವಾದುದು. ಪ್ರಕಾಶನ ಸಂಸ್ಥೆಯ ಸಂಪಾದಕಿಯೊಬ್ಬರ ಕಡಲತೀರದ ಮನೆಗೆ ಕೆಲವರು ಸಾಹಿತಿಗಳು ಅತಿಥಿಗಳಾಗಿ ಬಂದಿದ್ದರು. ಬೆಳಗ್ಗೆ ದಂಡೆಯ ಮೇಲೆ ಕುದುರೆಲಾಳದ ಏಡಿಗಳು ಬಹುಸಂಖ್ಯೆಯಲ್ಲಿ ಬಿದ್ದಿರುವುದನ್ನು ಕಂಡು, ಪಾಪ, ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಿದ್ದಿವೆಯೆಂದು ಮರುಗಿ, ಒಂದೊಂದನ್ನೂ ಎತ್ತಿ ನೀರಿಗೆ ಎಸೆದರು. ವಾಸ್ತವವಾಗಿ ಆ ಜೀವಿಗಳು ಮರಳಿನಲ್ಲಿ ಮೊಟ್ಟೆಯಿಡಲೆಂದು ತಾವಾಗಿಯೇ ದಡಕ್ಕೆ ಬಂದಿದ್ದವು. ಇವುಗಳ ಬಂಧುಗಳು ನಮ್ಮ ಒಡಿಶಾ ತೀರದಲ್ಲಿಯೂ ಹೀಗೆಯೇ ದಡವೇರುತ್ತವೆ. ಕರುಣೆಯುಳ್ಳವರೂ ವಿದ್ಯಾವಂತರೂ ಆದ ಜನ ತಿಳಿವಳಿಕೆಯಿಲ್ಲದೆ ಮಾಡಿದ ಈ ಉಪಕಾರವು ಆ ಜೀವಿಗಳ ಸಂತಾನಕ್ಕೆ ಅಪಕಾರವಾಯಿತು. ಕಡಲತೀರದ ಜೀವಿಗಳನ್ನು ಜನಸಾಮಾನ್ಯರಿಗೆ ಪರಿಚಯಿಸುವ ಕೈಪಿಡಿಯೊಂದು ಬೇಕೆಂದು ಸಂಪಾದಕಿಗೆ ಅನಿಸಿದುದು ಆಗ. ಅದನ್ನು ಬರೆಯುವ ಹೊಣೆ ಕಾರ್ಸನ್ ಅವರ ಪಾಲಿಗೆ ಬಂದಿತು.

ಉತ್ತರದ ಮೇಯ್ನ್ ರಾಜ್ಯದ ಕಲ್ಲುತೀರದಿಂದ ಕ್ಯಾರೊಲಿನ, ಜಾರ್ಜಿಯಗಳ ಮರಳುದಂಡೆಗಳಿಗೆ, ಅಲ್ಲಿಂದ ಫ್ಲಾರಿಡದ ಹವಳದ ದಿಬ್ಬಗಳಿಗೂ ಕಾಂಡ್ಲಾ ವನಗಳಿಗೂ ಆಕೆ ವರ್ಷಗಟ್ಟಲೆ ಅಲೆದರು. 1953ರಲ್ಲಿ ಮೇಯ್ನ್ ತೀರದ ಸೌತ್‌ಪೋರ್ಟ್ ದ್ವೀಪದಲ್ಲಿ, ಶೀಪ್‌ಸ್ಕಾಟ್ ನದಿ ಕಡಲನ್ನು ಕೂಡುವಲ್ಲಿ, ಪುಸ್ತಕದ ಸಂಪಾದನೆಯಿಂದ ಒಂದು ಪುಟ್ಟ ಮನೆ ಕಟ್ಟಿಸಿಕೊಂಡರು. ಮನೆಯ ಕೆಳಗಡೆಯೇ ಬಂಡೆಗಳು, ಬಂಡೆಗಳ ನಡುವೆ ನೀರು ನಿಂತ ಕುಳಿಗಳು. ಆಕೆಯ ದಿನಚರಿಯನ್ನು ನಿರ್ಧರಿಸುತ್ತಿದ್ದುದು ಗಡಿಯಾರವಲ್ಲ, ಉಬ್ಬರವಿಳಿತದ ಪಟ್ಟಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದುಗೂಡಿ ನೀರು ಬಹಳ ಕೆಳಗೆ ಇಳಿಯುತ್ತದೆ. ಬೇರೆ ದಿನಗಳಲ್ಲಿ ಕಾಣದ ಕಲ್ಲುಗಳು ಆಗ ಒಂದು ಗಂಟೆಯ ಕಾಲ ತಲೆಯೆತ್ತುತ್ತವೆ. ಆ ಒಂದು ಗಂಟೆಗಾಗಿ ಆಕೆ ಕಾದಿರುವರು. ನೋಟ್‌ಬುಕ್, ಭೂತಗನ್ನಡಿ, ಒಂದು ಬಕೆಟ್ ಇಷ್ಟೇ ಸಲಕರಣೆ.

ಆ ತೀರದ ಬಂಡೆಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಹೋದರೆ ಪಟ್ಟೆಪಟ್ಟೆಯಾಗಿ ಜೀವಲೋಕಗಳು ತೋರುತ್ತವೆ. ಎಲ್ಲಕ್ಕೂ ಮೇಲೆ ತೆರೆಯ ಹನಿ ಮಾತ್ರ ತಾಗುವಲ್ಲಿ, ಮಸಿ ಬಳಿದಂತೆ ಕಪ್ಪು ಪಾಚಿಯ ಪಟ್ಟೆ. ಅದರ ಕೆಳಗೆ ಆ ಪಾಚಿಯನ್ನು ಕೆರೆದು ತಿನ್ನುವ ಚಿಕ್ಕ ಕಡಲ ಬಸವನಹುಳುಗಳು. ಅನಂತರ ಸುಣ್ಣದ ಗೂಡು ಕಟ್ಟಿಕೊಂಡು ಕಲ್ಲಿಗೆ ಅಂಟಿದ ಬಾರ್ನಕಲ್‌ಗಳ ಬಿಳಿಯ ಪಟ್ಟೆ. ಅದಕ್ಕೂ ಕೆಳಗೆ ಕಂದುಬಣ್ಣದ ಕಡಲಕಳೆ, ಕಪ್ಪೆಚಿಪ್ಪುಗಳು, ನಕ್ಷತ್ರಮೀನುಗಳು, ಕೊನೆಯಲ್ಲಿ ಸದಾ ನೀರನ್ನು ಬಿಡದ ದೊಡ್ಡ ಪಾಚಿಗಳ ಕಾಡು. ಯಾವ ಜೀವಿ ಎಷ್ಟು ಹೊತ್ತು ಬಿಸಿಲನ್ನು ತಾಳಬಲ್ಲುದು, ತೆರೆಯ ಹೊಡೆತವನ್ನು ಹೇಗೆ ತಡೆಯುವುದು, ಯಾರಿಗೆ ಯಾರು ಆಹಾರ ಎಂಬುದನ್ನು ಅವಲಂಬಿಸಿ ಈ ಗಡಿಗಳು ನಿಂತಿವೆ. ಕಾರ್ಸನ್ ಇದನ್ನೆಲ್ಲ ದಿನದಿನವೂ ಬರೆದಿಡುತ್ತಿದ್ದರು: ಸ್ಥಳ, ವೇಳೆ, ನೀರಿನ ಮಟ್ಟ, ಕಂಡ ಜೀವಿ, ಅದರ ನಡೆ. ಜೀವಿಗಳನ್ನು ಬಕೆಟ್ಟಿನ ಕಡಲನೀರಿನಲ್ಲಿ ಮನೆಗೆ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಮುಗಿದ ಮೇಲೆ ಅವನ್ನು ಮರಳಿ ಕಡಲತೀರಕ್ಕೇ ಒಯ್ದು ಬಿಡುವುದು ಆಕೆಯ ನಿಯಮ. ಚಿತ್ರಗಳನ್ನು ಬರೆದುಕೊಟ್ಟ ಸಹೋದ್ಯೋಗಿ ಬಾಬ್ ಹೈನ್ಸ್ ಅವರ ನೆನಪಿನಂತೆ, ಮೇಯ್ನ್ ತೀರದ ಕೊರೆಯುವ ನೀರಿನಲ್ಲಿ ಬಹಳ ಹೊತ್ತು ನಿಂತು ಕಾಲು ಮರಗಟ್ಟಿ, ಆಕೆಯನ್ನು ಎತ್ತಿಕೊಂಡೇ ದಡಕ್ಕೆ ತರಬೇಕಾದ ಸಂದರ್ಭವೂ ಉಂಟಾಗಿತ್ತು.

ಬರೆಯುತ್ತ ಬರೆಯುತ್ತ ಆಕೆಗೆ ಒಂದು ತೊಡಕು ಎದುರಾಯಿತು. ಒಂದೊಂದು ಜೀವಿಗೆ ಒಂದೊಂದು ಪರಿಚ್ಛೇದ ಎಂಬ ಕೈಪಿಡಿಯ ಕ್ರಮದಲ್ಲಿ ಪುಸ್ತಕ ಉಸಿರಾಡಲಿಲ್ಲ. ಬರೆದುದನ್ನು ಬದಿಗಿಟ್ಟು ಹೊಸದಾಗಿ ಆರಂಭಿಸಿದರು. ಕಲ್ಲುತೀರ, ಮರಳುತೀರ, ಹವಳತೀರ ಎಂಬ ಮೂರು ನೆಲೆಗಳನ್ನು ಹಿಡಿದು, ಅಲ್ಲಿ ಜೀವಿಗಳು ಪರಸ್ಪರ ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಹೇಳಿದರು. ವರ್ಗೀಕರಣವನ್ನು ಅನುಬಂಧಕ್ಕೆ ಸೇರಿಸಿದರು. ‘ದಿ ಎಡ್ಜ್ ಆಫ್ ದಿ ಸೀ’ 1955ರಲ್ಲಿ ಪ್ರಕಟವಾಯಿತು. ಮುಂದೆ ಆಕೆಗೆ ಲೋಕವಿಖ್ಯಾತಿ ತಂದ ಗ್ರಂಥಕ್ಕಿಂತಲೂ ಇದೇ ಆಕೆಯ ಶ್ರೇಷ್ಠ ಕೃತಿಯೆಂದು ಹೇಳಿದರೆ ಅತಿಶಯೋಕ್ತಿಯಾಗದು. ಹಸಿರು ಏಡಿಯೊಂದು ಹಿಂದೆ ಕಾಣದಿದ್ದ ಉತ್ತರದ ತೀರಗಳಿಗೆ ಹಬ್ಬುತ್ತಿರುವುದನ್ನು ಆಕೆ ಅದರಲ್ಲಿ ಗುರುತಿಸಿ, ನೀರು ಬೆಚ್ಚಗಾಗುತ್ತಿರುವುದರೊಡನೆ ಅದನ್ನು ಜೋಡಿಸಿದ್ದರು. ಸಮುದ್ರದ ಉಷ್ಣತೆ ಏರಿದಂತೆ ಜೀವಿಗಳು ಧ್ರುವದತ್ತ ಸರಿಯುತ್ತವೆಂಬುದು ಇಂದು ಶಾಲಾ ಪಠ್ಯದ ಮಾತು. 1955ರಲ್ಲಿ ಅದು ಕೆಲವೇ ಜನರ ಲಕ್ಷ್ಯಕ್ಕೆ ಬಂದ ಸಂಗತಿ.

ಆ ಮನೆಗೆ ಅಕ್ಕನ ಮಗಳೂ ಅವಳ ಪುಟ್ಟ ಮಗ ರಾಜರ್‌ನೂ ಬರುತ್ತಿದ್ದರು. ಎರಡು ವರ್ಷವೂ ತುಂಬದ ಆ ಶಿಶುವನ್ನು ಕಂಬಳಿಯಲ್ಲಿ ಸುತ್ತಿ ಬಿರುಗಾಳಿಯ ರಾತ್ರಿಯಲ್ಲಿ ತೆರೆಗಳ ಬಳಿಗೆ ಎತ್ತಿಕೊಂಡು ಹೋದ ಪ್ರಸಂಗದಿಂದ ಆರಂಭವಾಗುವ ಆಕೆಯ ಲೇಖನವೊಂದು 1956ರಲ್ಲಿ ಮಹಿಳಾ ಪತ್ರಿಕೆಯಲ್ಲಿ ಬಂದಿತು. ಮಗುವಿಗೆ ಹೆಸರುಗಳನ್ನು ಕಲಿಸುವ ಮೊದಲು ಬೆರಗನ್ನು ಕಲಿಸಬೇಕೆಂಬುದು ಅದರ ತಿರುಳು. ಶಿಕ್ಷಕರು ಇಂದಿಗೂ ಓದಬೇಕಾದ ಬರಹವದು. 1957ರಲ್ಲಿ ಮಗುವಿನ ತಾಯಿಯೂ ತೀರಿಕೊಂಡಾಗ, ಐವತ್ತರ ಹೊಸ್ತಿಲಲ್ಲಿದ್ದ ಅವಿವಾಹಿತೆ ಕಾರ್ಸನ್ ಐದು ವರ್ಷದ ರಾಜರ್‌ನನ್ನು ದತ್ತು ತೆಗೆದುಕೊಂಡರು. ಮರುವರ್ಷದ ಕೊನೆಗೆ ತಾಯಿಯೂ ಅಗಲಿದರು.

ಬರಿಯ ವರ್ಣನೆಯಿಂದ ತೀರವು ಉಳಿಯದೆಂಬುದು ಆಕೆಗೆ ಅಷ್ಟರಲ್ಲಿ ಮನವರಿಕೆಯಾಗಿತ್ತು. 1956ರಲ್ಲಿ ಪ್ರಕೃತಿ ಸಂರಕ್ಷಣಾ ಸಂಸ್ಥೆಯಾದ ನೇಚರ್ ಕನ್ಸರ್ವೆನ್ಸಿಯ ಮೇಯ್ನ್ ಶಾಖೆಯನ್ನು ಕಟ್ಟುವುದರಲ್ಲಿ ಕೈಜೋಡಿಸಿದರು. ತಮ್ಮ ಮನೆಯ ಬಳಿಯ ಕಡಲಂಚಿನ ಕಾಡೊಂದನ್ನು ಕೊಂಡು ಶಾಶ್ವತವಾಗಿ ಕಾಪಾಡಬೇಕೆಂದು ಬಹಳ ಹಂಬಲಿಸಿದರು. ಪುಸ್ತಕಗಳ ಗಳಿಕೆ ಅದಕ್ಕೆ ಸಾಲಲಿಲ್ಲ. ಆ ಆಸೆ ಕೈಗೂಡದೆಯೇ ಹೋಯಿತು. 1958ರಲ್ಲಿ ಒಂದು ಪತ್ರಿಕೆಗೆ ಬರೆದ ಪ್ರಬಂಧದಲ್ಲಿ, ತೀರದ ಕೆಲವು ಭಾಗಗಳನ್ನಾದರೂ ರಸ್ತೆ, ಹೋಟೆಲುಗಳ ಹಾವಳಿಯಿಲ್ಲದೆ ಇದ್ದಂತೆಯೇ ಬಿಡಬೇಕೆಂದು ವಾದಿಸಿದರು.

ಆ ವರ್ಷದ ಜನವರಿಯಲ್ಲಿ ಮ್ಯಾಸಚೂಸೆಟ್ಸ್ ಕರಾವಳಿಯ ಡಕ್ಸ್‌ಬರಿ ಎಂಬ ಊರಿನಿಂದ ಪರಿಚಿತ ಲೇಖಕಿ ಓಲ್ಗಾ ಓವೆನ್ಸ್ ಹಕಿನ್ಸ್ ಅವರ ಪತ್ರವೊಂದು ಬಂದಿತು. ಸೊಳ್ಳೆಗಳ ನಾಶಕ್ಕೆಂದು ವಿಮಾನದಿಂದ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ತಮ್ಮ ಪಕ್ಷಿಧಾಮದಲ್ಲಿ ಹಕ್ಕಿಗಳು ಸತ್ತುಬಿದ್ದುದನ್ನು ಅದರಲ್ಲಿ ವಿವರಿಸಲಾಗಿತ್ತು. ಕಾಸರಗೋಡು, ದಕ್ಷಿಣ ಕನ್ನಡಗಳ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಕತೆಯನ್ನು ಬಲ್ಲ ಕನ್ನಡಿಗರಿಗೆ ಆ ಪತ್ರದ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಿ.ಡಿ.ಟಿ.ಯ ಬಗೆಗೆ ಕಾರ್ಸನ್ 1945ರಲ್ಲಿಯೇ ಲೇಖನ ಬರೆಯಲು ಮುಂದಾಗಿದ್ದುಂಟು. ಅಂದು ಪತ್ರಿಕೆಯವರು ಬೇಡವೆಂದಿದ್ದರು. ಈಗ ಆಕೆ ಬೇರೆಲ್ಲವನ್ನೂ ಬಿಟ್ಟು ಆ ವಿಷಯದ ಬೆನ್ನು ಹತ್ತಿದರು.

ನಾಲ್ಕು ವರ್ಷಗಳ ಆ ಶೋಧದಲ್ಲಿ ಆಕೆಗೆ ಆಧಾರವಾದುದು ಬಹುಮಟ್ಟಿಗೆ ಇತರರು ತಾಳ್ಮೆಯಿಂದ ಬರೆದಿಟ್ಟ ದಾಖಲೆಗಳು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಚಾರ್ಲ್ಸ್ ಬ್ರೋಲಿ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿ ಕೆನಡದಿಂದ ಫ್ಲಾರಿಡಕ್ಕೆ ಬಂದು, 1939ರಿಂದ ಹತ್ತು ವರ್ಷ ಪಶ್ಚಿಮ ಕರಾವಳಿಯ ಮರಗಳನ್ನೇರಿ ಸಾವಿರಕ್ಕೂ ಮಿಕ್ಕಿ ಹದ್ದಿನ ಮರಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸಿದ್ದರು. 1947ರ ಬಳಿಕ ಗೂಡುಗಳಲ್ಲಿ ಮರಿಗಳು ಕಡಿಮೆಯಾಗುತ್ತ ಬಂದುವು. 1952ರಿಂದ 1957ರ ನಡುವೆ ನೂರಕ್ಕೆ 80ರಷ್ಟು ಗೂಡುಗಳು ಬರಿದಾಗಿ ಉಳಿದುವು. ಬ್ರೋಲಿ ವೃತ್ತಿಯಿಂದ ವಿಜ್ಞಾನಿಯಲ್ಲ. ವರ್ಷವರ್ಷವೂ ಅದೇ ಗೂಡುಗಳಿಗೆ ಹೋಗಿ ಎಣಿಸಿದ್ದೇ ಅವರ ಸಾಧನೆ. ಕೆನಡದ ಮಿರಾಮಿಶಿ ನದಿಯಲ್ಲಿ ಸಾಲ್ಮನ್ ಮೀನುಗಳ ಲೆಕ್ಕವನ್ನು 1950ರಿಂದ ಇಡಲಾಗುತ್ತಿತ್ತು. 1954ರಲ್ಲಿ ಮೇಲಿನ ಕಾಡಿಗೆ ಎಕರೆಗೆ ಅರ್ಧ ಪೌಂಡಿನಂತೆ ಡಿ.ಡಿ.ಟಿ. ಸಿಂಪಡಿಸಿದಾಗ, ಆ ವಸಂತದಲ್ಲಿ ಹುಟ್ಟಿದ ಮರಿಗಳು ನಿರ್ನಾಮವಾದುವೆಂದು ಖಚಿತವಾಗಿ ಹೇಳಲು ಸಾಧ್ಯವಾದುದು ಹಿಂದಿನ ವರ್ಷಗಳ ಲೆಕ್ಕ ಕೈಯಲ್ಲಿದ್ದುದರಿಂದ. 1955ರಲ್ಲಿ ಫ್ಲಾರಿಡದ ಪೂರ್ವ ತೀರದಲ್ಲಿ ಮರಳುನೊಣದ ಹುಳುಗಳನ್ನು ಕೊಲ್ಲಲೆಂದು ಸುಮಾರು 2,000 ಎಕರೆ ಉಪ್ಪುಜವುಗಿಗೆ ಡೀಲ್‌ಡ್ರಿನ್ ಹಾಕಿದರು. ಕನಿಷ್ಠ ಮೂವತ್ತು ಜಾತಿಗಳ 11,75,000 ಮೀನುಗಳು ಸತ್ತವೆಂದು ಪರಿಶೀಲಿಸಿದ ವಿಜ್ಞಾನಿಗಳು ಅಂದಾಜು ಮಾಡಿದರು. ಅಲ್ಲಿನ ಏಡಿಗಳೂ ಅಳಿದುವು.

ಇದೇ ಅವಧಿಯಲ್ಲಿ ಆಕೆಯ ಮನಸ್ಸಿನೊಳಗೆ ಇನ್ನೊಂದು ಮಹತ್ತರ ಬದಲಾವಣೆ ನಡೆದಿತ್ತು. ಮನುಷ್ಯನು ನೆಲವನ್ನು ಕೆಡಿಸಿದಂತೆ ಸಾಗರವನ್ನು ಕೆಡಿಸಲಾರ, ಅದರ ವೈಶಾಲ್ಯವೇ ಅದಕ್ಕೆ ರಕ್ಷೆ ಎಂಬುದು 1951ರಲ್ಲಿ ಆಕೆಯ ನಂಬಿಕೆ. ಬಾಳನ್ನೇ ಸಮುದ್ರಕ್ಕೆ ಒಪ್ಪಿಸಿದ ಜೀವಕ್ಕೆ ಅದೊಂದು ಆಸರೆ ಕೂಡ ಆಗಿತ್ತು. ಆದರೆ ಎರಡನೆಯ ಮಹಾಯುದ್ಧದ ತರುವಾಯ ಅಣುಸ್ಥಾವರಗಳ ವಿಕಿರಣಶೀಲ ಕಸವನ್ನು ಪೀಪಾಯಿಗಳಲ್ಲಿ ತುಂಬಿ, ಕಾಂಕ್ರೀಟು ಮೆತ್ತಿ, ಕಡಲಿಗೆ ಎಸೆಯುವ ಪದ್ಧತಿ ಬೆಳೆದಿತ್ತು. ಆಳದ ನೀರು ನಿಶ್ಚಲವೆಂಬುದು ಹಾಗೆ ಎಸೆಯುವವರ ಸಮರ್ಥನೆ. ಆಳವು ನಿಶ್ಚಲವಲ್ಲ, ಅಲ್ಲಿಯೂ ಪ್ರವಾಹಗಳುಂಟು, ನೀರು ಮೇಲೆ ಕೆಳಗೆ ಬೆರೆಯುತ್ತಲೇ ಇರುತ್ತದೆ ಎಂಬುದು ಅಷ್ಟರಲ್ಲಿ ತಿಳಿದುಬಂದಿತ್ತು. ಮೇಲಾಗಿ, ಕಣ್ಣಿಗೆ ಕಾಣದ ತೇಲುಜೀವಿಗಳು ನೀರಿನಲ್ಲಿ ಚೆದುರಿದ ವಿಷವನ್ನು ಮೈಯಲ್ಲಿ ಕೂಡಿಹಾಕುತ್ತವೆ. ಅವನ್ನು ಚಿಕ್ಕ ಮೀನು, ಚಿಕ್ಕ ಮೀನನ್ನು ದೊಡ್ಡ ಮೀನು ತಿನ್ನುತ್ತ ವಿಷ ಸಾಂದ್ರವಾಗುತ್ತದೆ. ರಾತ್ರಿ ಮೇಲೇರಿ ಹಗಲು ಕೆಳಗಿಳಿಯುವ ಜೀವಿಗಳು ಅದನ್ನು ಎಲ್ಲ ಆಳಗಳಿಗೂ ಹೊತ್ತೊಯ್ಯುತ್ತವೆ. 1961ರಲ್ಲಿ ‘ದಿ ಸೀ ಅರೌಂಡ್ ಅಸ್’ ಗ್ರಂಥದ ಹೊಸ ಮುದ್ರಣಕ್ಕೆ ಬರೆದ ಮುನ್ನುಡಿಯಲ್ಲಿ ಕಾರ್ಸನ್ ಇದನ್ನೆಲ್ಲ ವಿವರಿಸಿ, ಸಮುದ್ರವು ಮನುಷ್ಯನ ಕೈಗೆಟುಕದೆಂಬ ನಂಬಿಕೆ ಮುಗ್ಧತೆಯಾಗಿತ್ತೆಂದು ಒಪ್ಪಿಕೊಂಡರು. ಲಕ್ಷಾಂತರ ಓದುಗರು ಮೆಚ್ಚಿದ ತಮ್ಮದೇ ಗ್ರಂಥದ ಬಾಗಿಲಲ್ಲಿ ನಿಂತು ಅದರ ಭರವಸೆಯೊಂದನ್ನು ಹಿಂತೆಗೆದುಕೊಳ್ಳಲು ಎಷ್ಟು ಜನ ಗ್ರಂಥಕರ್ತರಿಗೆ ಎದೆಗಾರಿಕೆಯಿದ್ದೀತು?

‘ಸೈಲೆಂಟ್ ಸ್ಪ್ರಿಂಗ್’ 1962ರ ಸೆಪ್ಟೆಂಬರ್ 27ರಂದು ಹೊರಬಂದಿತು. ಅದರಿಂದೆದ್ದ ಕೋಲಾಹಲ ಸರ್ವವಿದಿತ. ರಾಸಾಯನಿಕ ಉದ್ಯಮಿಗಳು ಆಕೆಯ ವಿದ್ಯೆಯನ್ನೂ ಹೆಣ್ಣುತನವನ್ನೂ ಹೀಯಾಳಿಸಿದರು. ಆಕೆ ಎಲ್ಲ ಕೀಟನಾಶಕಗಳನ್ನೂ ನಿಷೇಧಿಸಬೇಕೆಂದಾಗಲಿ, ಕೀಟಗಳಿಂದ ಹಬ್ಬುವ ರೋಗಗಳನ್ನು ಕಡೆಗಣಿಸಬೇಕೆಂದಾಗಲಿ ಹೇಳಿರಲಿಲ್ಲ. ಅರಿವಿಲ್ಲದೆ, ಜನರನ್ನು ಕೇಳದೆ ವಿಷ ಸುರಿಯುವುದನ್ನು ವಿರೋಧಿಸಿದ್ದರು. 1963ರ ಮೇ ತಿಂಗಳಲ್ಲಿ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿಯ ವರದಿ ಬಹುಮಟ್ಟಿಗೆ ಆಕೆಯನ್ನು ಸಮರ್ಥಿಸಿತು. ಜೂನ್ 4ರಂದು ಸೆನೆಟ್ಟಿನ ಉಪಸಮಿತಿಯ ಮುಂದೆ ಆಕೆ ಸಾಕ್ಷ್ಯ ನುಡಿದರು. ಆ ಹೊತ್ತಿಗೆ ಸ್ತನದ ಅರ್ಬುದ ಮೈಯೆಲ್ಲ ಹರಡಿತ್ತು. 1960ರಲ್ಲಿಯೇ ಶಸ್ತ್ರಚಿಕಿತ್ಸೆಯಾಗಿದ್ದರೂ ಆಕೆ ಅದನ್ನು ಲೋಕದಿಂದ ಮುಚ್ಚಿಟ್ಟಿದ್ದರು. ತನ್ನ ರೋಗದ ಸಿಟ್ಟನ್ನು ಪುಸ್ತಕದಲ್ಲಿ ತೀರಿಸಿಕೊಂಡಳೆಂದು ವಿರೋಧಿಗಳು ಆಡಬಾರದಲ್ಲ! ಅದೇ ಅಕ್ಟೋಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಸಭೆಯೊಂದರಲ್ಲಿ ಮಾಡಿದ ಭಾಷಣದಲ್ಲಿ ಆಕೆ ಮತ್ತೆ ವಿಕಿರಣಶೀಲ ಕಸದಿಂದ ಕಡಲಿಗೆ ಬಂದಿರುವ ಅಪಾಯವನ್ನು ಪ್ರಸ್ತಾಪಿಸಿದರು. ಕೋಲನ್ನು ಊರಿಕೊಂಡು ನಡೆಯಬೇಕಾದ ಸ್ಥಿತಿ ಆಗ ಆಕೆಯದು.

ಅದಕ್ಕೆ ತುಸು ಮುಂಚೆ, ಸೆಪ್ಟೆಂಬರಿನಲ್ಲಿ, ಮೇಯ್ನ್ ತೀರದ ನ್ಯೂವಾಗನ್ ಬಂಡೆಗಳ ಬಳಿ ಗೆಳತಿ ಡೊರೊಥಿ ಫ್ರೀಮನ್ ಅವರೊಡನೆ ಕುಳಿತು, ದಕ್ಷಿಣಕ್ಕೆ ವಲಸೆ ಹೋಗುವ ಮೊನಾರ್ಕ್ ಚಿಟ್ಟೆಗಳನ್ನು ಒಂದು ಬೆಳಗ್ಗೆ ನೋಡುತ್ತಿದ್ದರು. ಹೋದ ಚಿಟ್ಟೆಗಳು ಮರಳಿ ಬಾರವೆಂಬುದನ್ನು ಇಬ್ಬರೂ ಬಲ್ಲರು. ಆ ನೋಟದಿಂದ ತಮಗೆ ದುಃಖವಾಗಲಿಲ್ಲವೆಂದು ಕಾರ್ಸನ್ ಅಂದು ಮಧ್ಯಾಹ್ನವೇ ಗೆಳತಿಗೆ ಬರೆದು ತಿಳಿಸಿದರು. ಆ ಮನೆಗೆ ಆಕೆ ಮತ್ತೆ ಬರಲಾಗಲಿಲ್ಲ. 1964ರ ಏಪ್ರಿಲ್ 14ರಂದು ಮೇರಿಲೆಂಡಿನ ಸಿಲ್ವರ್ ಸ್ಪ್ರಿಂಗ್‌ನ ಸ್ವಗೃಹದಲ್ಲಿ 56ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಆಸ್ತಿಯಲ್ಲಿ ಒಂದು ಪಾಲನ್ನು ಸಿಯೆರಾ ಕ್ಲಬ್ಬಿಗೂ ನೇಚರ್ ಕನ್ಸರ್ವೆನ್ಸಿಗೂ ಬರೆದಿಟ್ಟಿದ್ದರು.

ಅಮೆರಿಕ ದೇಶವು ವಿಕಿರಣಶೀಲ ಕಸವನ್ನು ಕಡಲಿಗೆ ಎಸೆಯುವುದನ್ನು 1970ರಲ್ಲಿ ನಿಲ್ಲಿಸಿತು. 1972ರಲ್ಲಿ ಡಿ.ಡಿ.ಟಿ.ಯ ಬಳಕೆಯನ್ನು ಬಹುಪಾಲು ನಿಷೇಧಿಸಿತು. ಅದೇ ವರ್ಷ ಲಂಡನ್ನಿನಲ್ಲಿ ಸಮುದ್ರಕ್ಕೆ ಕಸ ಸುರಿಯುವುದನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾಯಿತು. 1993ರಲ್ಲಿ ಅದು ವಿಕಿರಣಶೀಲ ಕಸಕ್ಕೆ ಸಂಪೂರ್ಣ ನಿಷೇಧವನ್ನು ವಿಧಿಸಿತು. 1966ರಲ್ಲಿ ಮೇಯ್ನ್ ಕರಾವಳಿಯ ಉಪ್ಪುಜವುಗುಗಳನ್ನು ಸೇರಿಸಿ ರಚಿಸಿದ ವನ್ಯಜೀವಿ ಆಶ್ರಯಧಾಮಕ್ಕೆ ಕೆಲವು ವರ್ಷಗಳಲ್ಲಿಯೇ ಆಕೆಯ ಹೆಸರನ್ನು ಇಡಲಾಯಿತು. ನ್ಯೂ ಹಾರ್ಬರ್ ಎಂಬಲ್ಲಿ, ಆಕೆ ಬಕೆಟ್ ಹಿಡಿದು ಗಂಟೆಗಟ್ಟಲೆ ಕುಳಿತಿರುತ್ತಿದ್ದ ಒಂದು ಉಪ್ಪುನೀರಿನ ಮಡುವನ್ನು ನೇಚರ್ ಕನ್ಸರ್ವೆನ್ಸಿಯು 1970ರಲ್ಲಿ ಆಕೆಯ ಸ್ಮರಣೆಗೆ ಅರ್ಪಿಸಿತು. ನೀರಿಳಿದಾಗ ಶಾಲೆಯ ಮಕ್ಕಳು ಇಂದಿಗೂ ಅಲ್ಲಿಗೆ ಬಂದು ಏಡಿ, ಬಸವನಹುಳುಗಳನ್ನು ನೋಡಿ ಹೋಗುತ್ತಾರೆ.

ತಮ್ಮ ಚಿತಾಭಸ್ಮವನ್ನು ಕಡಲಿಗೆ ಅರ್ಪಿಸಬೇಕೆಂಬುದು ಕಾರ್ಸನ್ ಅವರ ಇಚ್ಛೆಯಾಗಿತ್ತು. ಅಣ್ಣನು ಅದಕ್ಕೆ ಒಪ್ಪದೆ, ಕೊನೆಗೆ ಭಸ್ಮವನ್ನು ಎರಡು ಪಾಲು ಮಾಡಲಾಯಿತು. ಒಂದು ಪಾಲನ್ನು ತಾಯಿಯ ಸಮಾಧಿಯ ಪಕ್ಕದಲ್ಲಿ ಹೂಳಿದರು. ಇನ್ನೊಂದನ್ನು ಡೊರೊಥಿ ಫ್ರೀಮನ್ ನ್ಯೂವಾಗನ್ನಿನ ಬಂಡೆಗಳ ಮೇಲಿಂದ ಶೀಪ್‌ಸ್ಕಾಟ್ ಕೊಲ್ಲಿಯ ನೀರಿಗೆ ಬಿಟ್ಟರು.